ಕೆಂಪು ಗಾಡಿಯ ಗಿರಾಕಿ

ಹಳೆ ಗಾಡಿಗಳ ದಲಾಲ ಗುಲಾಮ್ ರಸೂಲ್ ಫೋನಿನಲ್ಲಿ ಇಟ್ಟ ಕರಾರು ಒಂದೇ.

"ಶೈಲೇಶಭಾಯ್, ಪಾರ್ಟಿ ತಯಾರ ಅದ. ಆದ್ರ ಗಾಡಿ ತನ್ನಷ್ಟಕ್ಕ ತಾನ ಹುಮನಾಬಾದಕ್ಕ ಬರಬೇಕು. ಯಾರರೆ ಧಕ್ಕಾ ಕೊಟ್ಟಿದ್ದು ಕಂಡ್ರ ಸೌದಾ ಖತಂ."

"ಬಿಲ್ಕುಲ್ ಸಾಬ್" ಎಂದು ಶೈಲೇಶ ಫೋನಿಟ್ಟ. ಇಟ್ಟ ಕೂಡಲೇ ಅವನ ಎದೆಯಲ್ಲಿ ಯಾರೋ ಅವಲಕ್ಕಿ ಕುಟ್ಟತೊಡಗಿದರು.

ಬಸವಕಲ್ಯಾಣದಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ. ಮೂರು ವರ್ಷದ ಹಿಂದೆ ಹೊಸ ಮಷೀನು ತರಲೆಂದು ಹೈದರಾಬಾದಿಗೆ ಹೋದವನು ಮಷೀನು ಬಿಟ್ಟು ಈ ಗಾಡಿ ತಂದಿದ್ದ. ಯಾವ ಕಾಲದ್ದೋ ವಿಲಾಯತಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಮಾಳಿಗೆಯಿಲ್ಲ, ಬಣ್ಣ ಮಾತ್ರ ಹಣ್ಣು ಮೆಣಸಿನಕಾಯಿಯ ಕೆಂಪು. ನೋಡಿದವರೆಲ್ಲ "ಹುಲಿ ಕುಂತಂಗ ಅದ" ಎನ್ನುತ್ತಿದ್ದರು. ತೊಂದರೆಯೇನೆಂದರೆ, ಹುಲಿ ಕುಂತೇ ಇರುತ್ತಿತ್ತು.

ಹೀಗಾಗಿ ದಿನಾ ಮುಂಜಾನೆ ಗಲ್ಲಿಗೆಲ್ಲ ಒಂದು ಕೆಲಸ. ಶೈಲೇಶ ಹಾರ್ನ್ ಹೊಡೆದರೆ ಸಾಕು, ಹಾಲಿನ ಪಂಡರಿ ಕ್ಯಾನು ಕೆಳಗಿಡುತ್ತಿದ್ದ, ಬಳೆ ಅಂಗಡಿಯ ಮುಜಾಫರ್ ಬಾಯೊಳಗಿನ ಬ್ರಷ್ ಸಮೇತ ಓಡಿಬರುತ್ತಿದ್ದ. ಯಾರ ಗಾಡಿ ನಿಂತರೂ ಕೈ ಖಾಲಿ ಇದ್ದವರು ಹಿಂದಿನಿಂದ ನೂಕಿ ಧಕ್ಕಾ ಕೊಡಬೇಕು ಎಂಬುದು ಆ ಗಲ್ಲಿಯ ರಿವಾಜು. ಮಿಕ್ಕವರ ಗಾಡಿಗಳು ನಿಲ್ಲುತ್ತಿರಲಿಲ್ಲವಾದ್ದರಿಂದ ಶೈಲೇಶನಿಗೆ ಧಕ್ಕಾ ಕೊಡುವ ಪ್ರಸಂಗ ಬಂದೇ ಇರಲಿಲ್ಲ. ಪಂಡರಿಯ ಜಾಗ ಹೊಗೆ ಕೊಳವೆಯ ಹಿಂದೆ. ಗಾಡಿ ಚಾಲೂ ಆದ ಮೇಲೆ ಅವನ ಬಿಳಿ ಧೋತರ ನೋಡುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಅದೇ ಗಾಡಿಯಲ್ಲಿ ಸಂತೆಗೆ ಹೋಗುವ ಎದುರು ಮನೆಯ ಕಮಳಾಬಾಯಿ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, "ಜೋರ್ ಹಾಕ್ರೋ" ಎಂದು ಹುಕುಂ ಕೊಡುತ್ತಿದ್ದಳು.

"ಏನ್ರಿ," ಎಂದಳು ಹೆಂಡತಿ ಪೂನಂ, ಹಲ್ಲಲ್ಲಿ ದಾರ ಕಚ್ಚಿಕೊಂಡೇ. "ಇವತ್ತ ಗಾಡಿ ಹೋಗಬೇಕು. ಇಲ್ಲಾಂದ್ರ ನನ್ನ ದುಕಾನ ಹೋಗ್ತದ."

ಅಡುಗೆಮನೆಯ ಬಾಗಿಲಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು, ಒಗ್ಗರಣೆಯ ಘಾಟಿನಲ್ಲಿ ಊರವರ ಜಂಪರು ಹೊಲಿಯುವುದು ಅವಳಿಗೆ ಸಾಕಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಖಾಲಿಯಾಗಿತ್ತು. ಅದರ ಅಡ್ವಾನ್ಸಿಗೆ ಗಾಡಿಯ ದುಡ್ಡೇ ಆಗಬೇಕಿತ್ತು. ಸಂಜೆಯೊಳಗೆ ಪಕ್ಕಾ ಹೇಳದಿದ್ದರೆ ಮಾಲೀಕ ಅದನ್ನು ಪಾನಬೀಡಾದವನಿಗೆ ಕೊಡುವವನಿದ್ದ.

ಶೈಲೇಶನ ಯುಕ್ತಿ ಸರಳವಾಗಿತ್ತು. ಗಲ್ಲಿಯಲ್ಲಿ ಒಮ್ಮೆ ಧಕ್ಕಾ ಹಾಕಿಸಿಕೊಂಡು ಚಾಲೂ ಮಾಡುವುದು, ಆಮೇಲೆ ಗಾಡಿ ಮಾರುವ ತನಕ ಇಂಜಿನ್ ಬಂದ್ ಮಾಡದೇ ಇರುವುದು.

ಪಂಡರಿ, ಮುಜಾಫರ್ ಜೋರು ಹಾಕಿದರು. ಗಾಡಿ ಕೆಮ್ಮಿತು, ಸೀನಿತು, ಚಾಲೂ ಆಯಿತು. ಹೊರಡಬೇಕು ಎನ್ನುವಷ್ಟರಲ್ಲಿ ಪಕ್ಕದ ಸೀಟಿನಲ್ಲಿ ಕಮಳಾಬಾಯಿ ಕುಳಿತಾಗಿತ್ತು. ತೊಡೆಯ ಮೇಲೆ ಬಣ್ಣದ ಕಾಗದ ಸುತ್ತಿದ ಕುಕ್ಕರು.

"ಮೌಶಿ, ನೀವೆಲ್ಲಿಗೆ?"

"ಮಾಣಿಕನಗರಕ್ಕ. ನಮ್ಮ ಮಾಡೀಗೆ ಹೊಸದಾಗಿ ಬಾಡಿಗಿ ಬರಾಂವನ ಲಗ್ನ ಅದ. ಬ್ಯಾಂಕಿನ ಹುಡುಗ. ಭಾಳ ಸಾದಾ ಮನಷಾ. ಮನಿ ಹಿಡಿವಾಗ ನೀರು ಬರ್ತಾವೋ ಇಲ್ಲೋ ಸುದ್ದಾ ಕೇಳಲಿಲ್ಲ. 'ಗಲ್ಲಿ ಛಲೋ ಅದ' ಅಂದ, ಅಡ್ವಾನ್ಸ್ ಕೊಟ್ಟ."

ಶೈಲೇಶನಿಗೆ ಅದೇನೂ ಕೇಳಿಸಲಿಲ್ಲ. ಅವನ ಎರಡೂ ಕಿವಿ ಇಂಜಿನ್ನಿನ ಹತ್ತಿರ ಇದ್ದವು.

ಸಸ್ತಾಪುರ ಬಂಗ್ಲಾ ದಾಟಿ ಹೈವೇಗೆ ಬಂದ ಮೇಲೆ ಪೆಟ್ರೋಲಿನ ಮುಳ್ಳು ಕೆಳಗೆ ಮಲಗಿದ್ದು ಕಂಡಿತು. ಬಂಕಿಗೆ ಗಾಡಿ ಹೊಕ್ಕಿಸಿದ.

"ಇಂಜಿನ್ ಬಂದ್ ಮಾಡ್ರಿ" ಎಂದ ಬಂಕಿನವನು.

"ಹಂಗ ಹಾಕ್ರಿ, ಏನಾಗಂಗಿಲ್ಲ."

"ನಿಮಗ ಏನಾಗಂಗಿಲ್ಲ ಖರೆ. ಬಂಕ್ ಹಾರಿ ಹೋಗ್ತದ."

ಹಿಂದೆ ನಿಂತ ಲಾರಿಯವನು ಹಾರ್ನ್ ಹೊಡೆದ. ಶೈಲೇಶ ಇಂಜಿನ್ನಿನ ಕಡೆ ನೋಡಿದ, ಪೈಪಿನ ಕಡೆ ನೋಡಿದ, ಉಪವಾಸದಲ್ಲಿದ್ದವನು ಮಿಠಾಯಿ ಅಂಗಡಿಯಿಂದ ಹೊರಗೆ ಬಂದಂತೆ ಪೆಟ್ರೋಲ್ ಹಾಕಿಸದೇ ಬಂದುಬಿಟ್ಟ.

ರಾಜೇಶ್ವರದ ಹತ್ತಿರ ಕುರಿ ಹಿಂಡು ಅಡ್ಡಬಂತು. ಶೈಲೇಶ ಜಾಗದಲ್ಲೇ ನಿಂತು ಎಕ್ಸಿಲರೇಟರ್ ಒತ್ತುತ್ತಿದ್ದ, ಗಾಡಿ ಗುರುಗುಟ್ಟುತ್ತಿತ್ತು, ಕುರಿಗಳು ದಿಕ್ಕೆಟ್ಟು ಸುತ್ತುತ್ತಿದ್ದವು.

"ಏ ತಮ್ಮಾ, ಬಂದ್ ಮಾಡೋ! ಕುರಿ ಹೆದರಾಕತ್ತಾವ!" ಎಂದ ಕುರಿ ಕಾಯುವವನು.

"ಬಂದ್ ಮಾಡಿದ್ರ ನಾ ಹೆದರ್ತೀನಿ ಕಾಕಾ!"

ಅಂತೂ ಹುಮನಾಬಾದಿನ ಅಂಚಿಗಿರುವ ಮಾಣಿಕನಗರದ ಕಮಾನಿನ ಹತ್ತಿರ ಗುಲಾಮ್ ರಸೂಲ್ ಸಿಕ್ಕ. ಅವನ ಪಕ್ಕದಲ್ಲಿ ಗುಲಾಬಿ ರುಮಾಲು ಸುತ್ತಿದ ದಪ್ಪ ಮೀಸೆಯ ಉತ್ತಮರಾವ, ಅಂದರೆ ಗಾಡಿ ಕೊಳ್ಳುವ ಪಾರ್ಟಿ. ಹಿಂದೆ ಬ್ಯಾಂಡು, ಪಟಾಕಿ, ಹೆಗಲ ಮೇಲೆ ಟಾವೆಲು ಹಾಕಿಕೊಂಡ ಹುಡುಗರ ದಂಡು.

"ಅಯ್ಯ, ಇದ ಲಗ್ನ!" ಎಂದು ಕಮಳಾಬಾಯಿ ಕುಕ್ಕರಿನೊಂದಿಗೆ ಇಳಿದಳು.

ಉತ್ತಮರಾವ ಗಾಡಿಯ ಸುತ್ತ ಒಂದು ಸುತ್ತು ಬಂದ. "ಗಾಡಿ ಛಂದ ಅದ. ಪರೀಕ್ಷಾ?"

ಗುಲಾಮ್ ರಸೂಲ್ ಕೈ ಎತ್ತಿದ. "ಹೈವೇ ಮ್ಯಾಲ ಯಾವ ಗಾಡಿನೂ ಓಡ್ತದ ಮಾಮಾ. ಬರಾತಿನಾಗ ನಡಿಯೂದು ಕಠಿಣ. ಎರಡ ಹೆಜ್ಜಿಗೊಮ್ಮಿ ಬ್ರೇಕ್, ಮ್ಯಾಲ ಬಿಸಲು. ದೊಡ್ಡ ದೊಡ್ಡ ಜೀಪು ನೀರ ಕುದಿಸಿ ನಿಂತಿದ್ದು ನೋಡೀನಿ. ಮದುಮಗನ್ನ ಕುಂದ್ರಸ್ರಿ. ಫಂಕ್ಷನ್ ಹಾಲ್ ಮುಟ್ಟಿದ್ರ ಗಾಡಿ ಪಾಸ್."

ಮದುಮಗ ಕಪಿಲ, ಉತ್ತಮರಾವನ ತಂಗಿಯ ಮಗ, ಪಕ್ಕದಲ್ಲಿ ಬಂದು ಕುಳಿತ. ಮುಖದ ಮುಂದೆ ಹೂವಿನ ಸೆಹರಾ ಇಳಿಬಿದ್ದಿತ್ತು. ಬ್ಯಾಂಡು ಶುರುವಾಯಿತು, ಮೆರವಣಿಗೆ ಹೊರಟಿತು. ಕಮಾನು ದಾಟುವ ತನಕ ಎಲ್ಲ ಸರಿಯಿತ್ತು. ಪಟಾಕಿಯ ಮಾಲೆಗೆ ಬೆಂಕಿ ಹಚ್ಚಿದರು. ಢಂ ಎಂದಿತು. ಆ ಸದ್ದಿನಲ್ಲಿ ಇನ್ನೊಂದು ಸಣ್ಣ ಸದ್ದು, 'ಫುಸ್' ಅಂತ, ಶೈಲೇಶನಿಗೆ ಮಾತ್ರ ಕೇಳಿಸಿತು.

ಇಂಜಿನ್ ಸತ್ತಿತು.

ಅವನ ಕಣ್ಣ ಮುಂದೆ ಬಸ್ ಸ್ಟ್ಯಾಂಡಿನ ಮಳಿಗೆಯಲ್ಲಿ ಪಾನಬೀಡಾದವನು ಎಲೆ ಒರೆಸತೊಡಗಿದ. ಕುಣಿಯುವವರು ಎರಡು ಹೆಜ್ಜೆ ಮುಂದೆ ಹೋದರು. ಗಾಡಿ ಹೋಗಲಿಲ್ಲ. ಗುಲಾಮ್ ರಸೂಲ್ ತಿರುಗಿ ನೋಡುವವನಿದ್ದ.

ಅಷ್ಟರಲ್ಲಿ ಹಿಂದಿನಿಂದ ಪರಿಚಯದ ದನಿ ಕೇಳಿತು. "ಏ ಹುಡುಗೂರ್ಯಾ! ಹಂಗ್ಯಾಕ ದೂರ ಕುಣೀತೀರಿ? ವೀಡಿಯೋದಾಂವ ಬಂದಾನ! ಗಾಡಿ ಮ್ಯಾಲ ಒಂದ್ ಕೈ ಇಟ್ಟು, ಮುಂದ ಬಾಗಿ ಕುಣೀರಿ. ಫೋಟೋ ಛಂದ ಬರ್ತಾವ!"

ವೀಡಿಯೋ ಎಂದ ಮೇಲೆ ಕೇಳಬೇಕೆ? ಹುಡುಗರು ಮುಗಿಬಿದ್ದರು. ಒಂದು ಕೈ ಗಾಡಿಯ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. "ಇನ್ನೂ ಬಾಗ್ರಿ! ಜೋರ್ ಹಾಕ್ರೋ!" ಎಂದು ಕಮಳಾಬಾಯಿ ಕುಕ್ಕರು ಬಾರಿಸುತ್ತ ತಾನೂ ಕುಣಿದಳು. ಗಾಡಿ ತೇರಿನಷ್ಟು ಗಂಭೀರವಾಗಿ ಸರಿಯತೊಡಗಿತು. ಶೈಲೇಶ ಸುಮ್ಮನೆ ಗೇರು ಬದಲಿಸಿದಂತೆ ಮಾಡುತ್ತ, ಆಗಾಗ ಹಣೆ ಒರೆಸಿಕೊಳ್ಳುತ್ತ ಕುಳಿತ. ಸೆಹರಾದ ಒಳಗಿನಿಂದ ಮದುಮಗ ಕಿಸಕ್ಕನೆ ನಕ್ಕಂತೆ ಕೇಳಿಸಿತು. ಮದುವೆಯ ಖುಷಿ ಇರಬೇಕು ಎಂದುಕೊಂಡ.

ಫಂಕ್ಷನ್ ಹಾಲಿನ ಮುಂದೆ ಗುಲಾಮ್ ರಸೂಲ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ದಂಗಾದ.

"ಸುಬಾನಲ್ಲಾ! ಮಾಮಾ, ಮುಟ್ಟಿ ನೋಡ್ರಿ, ಥಂಡಾ! ಹೊಗಿ ಇಲ್ಲ, ಸಪ್ಪಳ ಇಲ್ಲ. ಇಂಥಾ ಇಂಜಿನ್ ನನ್ನ ಜಿಂದಗಿಯಾಗ ನೋಡಿಲ್ಲ!"

ಅಲ್ಲೇ ವ್ಯವಹಾರ ಮುಗಿಯಿತು. ಶೈಲೇಶ ಪೂನಂಗೆ ಫೋನು ಮಾಡಿ, "ದುಕಾನ ನಿಂದ ಆತು, ಹೋಗಿ ಕೀಲಿ ಇಸ್ಕೋ" ಎಂದ. ಆಕಡೆಯಿಂದ ಮೂಗು ಏರಿಸಿದ ಸದ್ದು ಬಂತು. ಇನ್ನು ಊಟಕ್ಕೂ ನಿಲ್ಲಬಾರದು, ಸಿಕ್ಕ ಬಸ್ಸು ಹಿಡಿಯಬೇಕು ಎಂದು ಅವನು ಗೇಟಿನ ಕಡೆ ಕಾಲು ಕಿತ್ತ.

"ಅಣ್ಣಾರ, ನಿಂದರ್ರಿ!"

ಮದುಮಗ ಕಪಿಲ. ಕೈಯಲ್ಲಿ ಗಾಡಿಯ ಕೀಲಿ.

"ಮಾಮಾ ನನಗ ಲಗ್ನದ ಆಹೇರಿ ಕೊಡಾಕ ಗಾಡಿ ತಗೊಂಡಾನ್ರಿ. ಸಣ್ಣಾಂವ ಇದ್ದಾಗಿಂದ ಇಂಥಾ ಗಾಡಿ ಹುಚ್ಚು ನನಗ."

ಶೈಲೇಶ ಗೇಟಿನಿಂದ ಹಿಂದಕ್ಕೆ ಬಂದ. ಮೀಸೆಯ ಮಾಮಾನಿಗೆ ಮಾರುವುದು ಬೇರೆ, ನಗುನಗುತ್ತ ನಿಂತ ಮದುಮಗನಿಗೆ ಮಾರುವುದು ಬೇರೆ. "ತಮ್ಮಾ, ಒಂದು ಖರೆ ಮಾತು ಹೇಳ್ತೀನಿ. ಬರಾತಿನಾಗ ಇಂಜಿನ್..."

"ಬಂದ್ ಆಗಿತ್ತು. ಬಾಜೂಕ ಕುಂತಿದ್ನೆಲ್ರಿ, ಗೊತ್ತಾಗಂಗಿಲ್ಲೇನು?"

"ಮತ್ತ ಮಾಮಾಗ ಹೇಳಲಿಲ್ಲ?"

"ಹೇಳಿದ್ರ ತಗೋತಿದ್ನೇನ್ರಿ?" ಕಪಿಲ ದನಿ ತಗ್ಗಿಸಿದ. "ಇಂಥಾ ಗಾಡಿ ತಾನಾಗಿ ಚಾಲೂ ಆಗೂದಿಲ್ಲ ಅಂತ ನನಗ ಮೊದಲ ಗೊತ್ತದ. ಇಟ್ಕೋಬೇಕಂದ್ರ ಗ್ಯಾರೇಜ್ ಇದ್ರ ಸಾಲೂದಿಲ್ರಿ, ಗಲ್ಲಿ ಬೇಕು. ಬ್ಯಾಂಕಿಗೆ ಹೋಗುವಾಗ ದಿನಾ ನಿಮ್ಮ ಗಲ್ಲಿ ನೋಡ್ತಿದ್ದೆ. ಒಂದು ಹಾರ್ನಿಗೆ ಎಲ್ಲಾರೂ ಓಡಿ ಬರೂದು! ಅವತ್ತ ಪಕ್ಕಾ ಮಾಡ್ದೆ. ಮೊದಲ ಅಲ್ಲಿ ಮನಿ ಹಿಡೀಬೇಕು, ಆಮ್ಯಾಲ ಗಾಡಿ."

"ಯಾವ ಮನಿ?" ಎಂದ ಶೈಲೇಶ.

"ನಮ್ಮ ಮಾಡೀನೋ ಯಪ್ಪಾ" ಎಂದಳು ಹಿಂದೆಯೇ ಬಂದು ನಿಂತಿದ್ದ ಕಮಳಾಬಾಯಿ, ಜಿಲೇಬಿ ಚೀಪುತ್ತ. "ನೀ ಊರ ಹೊರಗಿನಾಂವಗ ಮಾರಿದ್ರ ನನ್ನ ಸಂತಿಗೆ ಯಾರು ಒಯ್ಯಾವ್ರು?"

ನಾಲ್ಕನೆಯ ದಿನ ಮುಂಜಾನೆ ಗಲ್ಲಿಯಲ್ಲಿ ಅದೇ ಹಾರ್ನು. ಪೂನಂ ಹೊಸ ಅಂಗಡಿಯ ಕೀಲಿ ಹಿಡಿದು ಆಗಲೇ ಹೊರಟು ಹೋಗಿದ್ದಳು. ಶೈಲೇಶ ಕದ ಮುಂದೆ ಮಾಡಿ, ಮನೆಯಲ್ಲಿ ಇಲ್ಲದವನಂತೆ ಉಸಿರು ಹಿಡಿದು ಕುಳಿತ. ಯಾರೋ ಕದ ಬಡಿದರು.

ತೆರೆದರೆ ಪಂಡರಿ ನಿಂತಿದ್ದ. ಧೋತರ ಹಾಲಿನಷ್ಟು ಬೆಳ್ಳಗಿತ್ತು.

"ಬಾ ಭಾವು. ಕೈ ಖಾಲಿ ಅದಾವಲ್ಲ?" ಎಂದು ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗಿ, ಮೂರು ವರ್ಷ ತಾನು ನಿಂತಿದ್ದ ಜಾಗವನ್ನು ತೋರಿಸಿದ. "ಹೊಸಬರು ಇಲ್ಲೇ."

ಹೊಗೆ ಕೊಳವೆಯ ಹಿಂದೆ.

ಕಪಿಲನ ಪಕ್ಕದ ಸೀಟಿನಲ್ಲಿ ಸಂತೆಯ ಚೀಲ ಹಿಡಿದು ಕುಳಿತಿದ್ದ ಕಮಳಾಬಾಯಿ ಕತ್ತು ಹೊರಳಿಸಿದಳು.

"ಜೋರ್ ಹಾಕೋ ಶೈಲೇಶ!"