ಟಗರು ಎಸ್ಸೆಸ್ಸೆಲ್ಸಿ ಪಾಸಾದ ಪ್ರಕರಣ

ಹುಣಸಿದೊಡ್ಡಿ ಗ್ರಾಮದಲ್ಲಿ ಸೂಕ್ತ ಕಾರಣವಿಲ್ಲದೆ ಯಾರೂ ಸಂತೋಷಪಡತಕ್ಕದ್ದಲ್ಲ. ಈ ನಿಯಮ ಜಾರಿಗೆ ಬಂದು ಬಹಳ ದಿನವೇನೂ ಆಗಿಲ್ಲ. ಆದರೂ ಗ್ರಾಮಸ್ಥರು ಅದಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದಾರೆ.

ಜವಳಗೇರಾದಿಂದ ಕಾಲುವೆ ದಂಡೆ ಹಿಡಿದು ಹೋದರೆ ಸಿಗುವ ಈ ಊರಿಗೆ ಇರುವುದು ಒಂದೇ ಅಗಲವಾದ ರಸ್ತೆ. ಹೋದ ವರ್ಷ ಆ ರಸ್ತೆಯಲ್ಲಿ ಒಂದು ಮದುವೆಯ ಡಿಜೆಯೂ ಒಬ್ಬ ಮುಖಂಡರ ಹುಟ್ಟುಹಬ್ಬದ ಡಿಜೆಯೂ ಎದುರುಬದುರಾದವು. ಹಿಂದೆ ಸರಿಯಲು ಎರಡೂ ಒಪ್ಪಲಿಲ್ಲ. ಮುಹೂರ್ತ ಮೀರಿತು, ಕೇಕ್ ಕರಗಿತು, ನಡುವೆ ಸಿಕ್ಕಿಬಿದ್ದ ಭತ್ತದ ಟ್ರ್ಯಾಕ್ಟರಿನ ಚಾಲಕ ಇಳಿದು ಎರಡೂ ಕಡೆ ಊಟ ಮಾಡಿದ. ಇಂಥದ್ದು ಮರುಕಳಿಸಬಾರದೆಂದು ಅಕ್ಕಿ ಗಿರಣಿಯ ಮಾಲೀಕರಾದ ಆದೆಪ್ಪ ಸಾಹುಕಾರರು ಗ್ರಾಮ ಸಂಭ್ರಮ ನಿಯಂತ್ರಣ ಸಮಿತಿಯನ್ನು ರಚಿಸಿ ತಾವೇ ಅಧ್ಯಕ್ಷರಾದರು. ಅನುಮತಿ ಪಡೆದ ಸಂಭ್ರಮಗಳಿಗೆ ಆದೆಪ್ಪನವರ ಡಿಜೆ, ಆದೆಪ್ಪನವರ ಶಾಮಿಯಾನ ಮತ್ತು ಅವರ ಅಳಿಯನ ಅಂಗಡಿಯ ಪೇಡೆಯನ್ನೇ ಬಳಸತಕ್ಕದ್ದು. ಶಿಸ್ತು ಕಾಪಾಡಲು ಇದು ಅಗತ್ಯವೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಹೀಗಿರುವಾಗ ಕರೆಮ್ಮನ ಮಗಳು ಪ್ರಿಯಾಂಕಾ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಕರೆಮ್ಮ ಕುರಿ ಸಾಕುವ ಹೆಂಗಸು. ಗಂಡ ಹೊನ್ನೂರಪ್ಪ ಮಂದೆ ಹೊಡೆದುಕೊಂಡು ಲಿಂಗಸುಗೂರಿನ ಕಡೆ ಮೇಯಿಸಲು ಹೋಗಿದ್ದ. ಮಗಳು ಫೋನು ಹಿಡಿದು ಓಡಿಬಂದು ಸುದ್ದಿ ಹೇಳಿದಾಗ ಕರೆಮ್ಮ ಹಟ್ಟಿಯ ಕಸ ಗುಡಿಸುತ್ತಿದ್ದಳು. ಪೊರಕೆ ಕೆಳಗಿಡದೆಯೇ ಮಗಳನ್ನು ತಬ್ಬಿಕೊಂಡು ಅತ್ತಳು. ಅವರ ಮನೆತನದಲ್ಲಿ ಹತ್ತನೆಯ ತರಗತಿಯ ಬಾಗಿಲು ದಾಟಿದವರು ಗಂಡಸರಲ್ಲೂ ಇರಲಿಲ್ಲ, ಹೆಂಗಸರಲ್ಲೂ ಇರಲಿಲ್ಲ.

ಅಳು ನಿಂತ ಮೇಲೆ ಕರೆಮ್ಮನಿಗೆ ಮೈದುನ ಸಿದ್ದರಾಮೇಶನ ನೆನಪಾಯಿತು. ಹುಡುಗಿ ಹೇಗೂ ಫೇಲಾಗುತ್ತಾಳೆಂದು ಆತ ಆಗಲೇ ಒಂದು ಗಂಡು ಗೊತ್ತು ಮಾಡಿದ್ದ. ಬರುವ ಭಾನುವಾರ ಬೀಗರು ನೋಡಲು ಬರುವವರಿದ್ದರು. ಪಾಸಾದ ಸುದ್ದಿ ಕೇಳಿಯೂ ಆತ ಅಲುಗಾಡಲಿಲ್ಲ.

"ಪಾಸಾದ್ರ ಏನಾತು ವೈನಿ? ಊರಿಗೇನ್ ಗೊತ್ತೈತೇನು?" ಎಂದ.

"ಹಂಗಾದ್ರ ಊರಿಗೆ ಗೊತ್ತಾಗೂ ಹಂಗ ಮಾಡ್ತೀನಿ ತಡಿ," ಎಂದು ಕರೆಮ್ಮ ಸೆರಗು ಸಿಕ್ಕಿಸಿಕೊಂಡು ಗಿರಣಿಯ ಕಡೆ ನಡೆದಳು.

ಸಮಿತಿಯ ಕಚೇರಿ ಗಿರಣಿಯ ತೌಡಿನ ಕೋಣೆಯಲ್ಲಿತ್ತು. ಮಂಜೂರಾದ ಕಾರಣಗಳನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಾಗಿತ್ತು: ಮದುವೆ, ಚುನಾವಣೆಯ ಗೆಲುವು, ಚುನಾವಣೆಯ ಸೋಲಿನ ಆತ್ಮಾವಲೋಕನ, ಹೊಸ ಟ್ರ್ಯಾಕ್ಟರ್, ಮುಖಂಡರ ಹುಟ್ಟುಹಬ್ಬ, ಮುಖಂಡರು ಜಾಮೀನಿನ ಮೇಲೆ ಮರಳುವುದು. ಆದೆಪ್ಪನವರು ಕುರ್ಚಿಯಲ್ಲಿದ್ದರು. ಕಾರ್ಯದರ್ಶಿ ಸಂಗನಬಸವ ಪಕ್ಕದಲ್ಲಿ ನಿಂತಿದ್ದ. ಎಂ.ಎ. ಓದಿದ್ದ ಆತನಿಗೆ ಬೇರೆ ಕೆಲಸ ಸಿಗದ ಕಾರಣ ಗ್ರಾಂಥಿಕ ಕನ್ನಡವನ್ನು ಇಲ್ಲಿಯೇ ಖರ್ಚು ಮಾಡುತ್ತಿದ್ದ.

"ಸಾಹುಕಾರ್ರ, ನನ್ನ ಮಗಳು ಹತ್ತು ಪಾಸಾಗ್ಯಾಳ್ರೀ. ಐತವಾರ ಒಂದೀಟು ಮೆರವಣಿಗಿ ಮಾಡ್ಬೇಕಂತ ಮಾಡೀನಿ. ಡಿಜೆಗೆ ಹುಕುಂ ಕೊಡ್ರಿ," ಎಂದಳು ಕರೆಮ್ಮ.

ಆದೆಪ್ಪನವರು ಗೋಡೆ ನೋಡಿದರು. "ಹತ್ತು ಪಾಸ್ ಆಗಾದು ಇಲ್ಲಿ ಇಲ್ಲಲ್ಲ ಕರೆಮ್ಮ."

"ಈಗ ಬರೀರಿ."

ಅಧ್ಯಕ್ಷರು ವಿಷಯವನ್ನು ಕಾರ್ಯದರ್ಶಿಗೆ ಒಪ್ಪಿಸಿದರು. ಸಂಗನಬಸವ ಗಂಟಲು ಸರಿಮಾಡಿಕೊಂಡ. "ಪ್ರೌಢಶಾಲೆ ಮುಗಿಸುವುದು ಸಾಧನೆಯಲ್ಲ, ಸಹಜ ಪ್ರಕ್ರಿಯೆ. ಒಂಬತ್ತರ ನಂತರ ಹತ್ತು ಬರುವುದು ಪ್ರಕೃತಿ ನಿಯಮ."

"ಹಂಗಾದ್ರ ನಮ್ಮ ಸಾಹುಕಾರ್ರಿಗ್ಯಾಕ ಬರಲಿಲ್ರೀ?"

ಆದೆಪ್ಪನವರು ಒಂಬತ್ತನೆಯ ತರಗತಿಯಲ್ಲಿಯೇ ಪ್ರಕೃತಿಯನ್ನು ತಡೆದು ನಿಲ್ಲಿಸಿದವರೆಂಬುದು ಎಲ್ಲರಿಗೂ ಗೊತ್ತಿತ್ತು. ಸಮಿತಿಯು ಚಹಾ ಕುಡಿದು, ಕೂಡಲೇ ಲಿಖಿತ ತೀರ್ಪು ನೀಡಿತು: 'ಪ್ರೌಢಶಿಕ್ಷಣವು ಜೀವನದ ಗುರಿಯಲ್ಲ, ಕೇವಲ ಒಂದು ಮೆಟ್ಟಿಲು. ಮೆಟ್ಟಿಲ ಮೇಲೆ ಕುಣಿಯುವುದು ಅಪಾಯಕಾರಿ. ಆದ್ದರಿಂದ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಎಸ್ಸೆಸ್ಸೆಲ್ಸಿ ಉತ್ತೀರ್ಣರಾದ ಯಾವುದೇ ವ್ಯಕ್ತಿಯ ಮೆರವಣಿಗೆಯನ್ನು ನಿಷೇಧಿಸಲಾಗಿದೆ.'

ಕರೆಮ್ಮನ ಕಣ್ಣು ತುಂಬಿ ಬಂತು. ಅದನ್ನು ಇವರಿಗೆ ತೋರಿಸಬಾರದೆಂದು ಗೋಡೆಯ ಕಡೆ ತಿರುಗಿದಳು. ಓದಲು ಬಾರದ ಆಕೆಗೆ ಗೋಡೆಯ ತುದಿಯಲ್ಲಿ ಒಂದು ನಾಯಿಯ ಚಿತ್ರ ಕಂಡಿತು.

"ಇದೇನ್ರೀ, ನಾಯಿ?"

"ಸಾಕುಪ್ರಾಣಿಗಳ ಜನ್ಮದಿನ," ಎಂದ ಸಂಗನಬಸವ. "ಅಧ್ಯಕ್ಷರ ಶ್ವಾನದ ಪ್ರಥಮ ಹುಟ್ಟುಹಬ್ಬದ ಸಂದರ್ಭದಲ್ಲಿ ಸೇರಿಸಲಾಯಿತು."

ಕರೆಮ್ಮ ಮೂಗು ಒರೆಸಿಕೊಂಡಳು. "ಐತವಾರ ನಮ್ಮ ಟಗರಿನ ಹುಟ್ಟಿದ ದಿನ ಐತ್ರಿ."

ಅನುಮತಿ ಅಲ್ಲಿಯೇ ಮಂಜೂರಾಯಿತು. ಆದೆಪ್ಪನವರು ಎದ್ದುನಿಂತು ಶುಭ ಕೋರಿದರು.

ಟಗರಿನ ಹೆಸರು ಜಮಾದಾರ. ಹೊಲದಲ್ಲಿ ಹುಟ್ಟಿದ ಅದರ ಜನ್ಮದಿನ ತಾಯಿಗೂ ನೆನಪಿದ್ದಂತಿಲ್ಲ. ಮರುದಿನ ತಾಯಿ ಮಗಳಿಬ್ಬರೂ ಬಸ್ಸು ಹತ್ತಿ ಮಸ್ಕಿಗೆ ಹೋಗಿ ಶಾಹೀಸ್ತಾಳ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರಿಗೆ ಹೇಳಿದರು. "ಟಗರಿಂದು ಸಣ್ಣದಾಗಿ ಹಾಕು, ನನ್ನ ಮಗಳ ಫೋಟೊ ದೊಡ್ಡದಾಗಿ ಹಾಕು, ಕೆಳಗ ಹತ್ತು ಪಾಸಂತ ಬರಿ," ಎಂದಳು ಕರೆಮ್ಮ.

ಶಾಹೀಸ್ತಾ ಕಂಪ್ಯೂಟರಿನ ಮುಂದೆ ಕುಳಿತು ಬೆವರಿದಳು. ನಿಯಮದ ಪ್ರಕಾರ ಮೇಲಿನ ಸಾಲಿನಲ್ಲಿ ಸಮಿತಿಯ ಸರ್ವ ಸದಸ್ಯರು, ಬಲಗಡೆ ಕೈಮುಗಿದ ಆದೆಪ್ಪನವರು, ಎಡಗಡೆ ಫೋನಿನಲ್ಲಿ ಮಾತಾಡುತ್ತಿರುವ ಆದೆಪ್ಪನವರು, ನಡುವೆ ಟಗರು.

"ಅಕ್ಕಾ, ಹುಡುಗಿಗೆ ಜಾಗಾನೇ ಉಳಿವಲ್ದು."

"ಸಾಹುಕಾರ್ರನ್ನ ಒಂದ್ ಕಡಿ ತಗಿ."

"ತೆಗೆದ್ರ ಬ್ಯಾನರ್ ಕಟ್ಟಾಕ ಬಿಡಂಗಿಲ್ಲಕ್ಕಾ. ಬರಹ ಆದ್ರೂ ಉಳಿಸ್ತೀನಿ."

ಹೀಗೆ ಭಾನುವಾರ ಬೆಳಿಗ್ಗೆ ಹುಣಸಿದೊಡ್ಡಿಯ ಬಸ್ ನಿಲ್ದಾಣದ ಬಳಿ ಎದ್ದು ನಿಂತ ಬ್ಯಾನರಿನಲ್ಲಿ, ಹೂಮಾಲೆ ಹಾಕಿಕೊಂಡ ಟಗರಿನ ಕೆಳಗೆ, 'ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣ, ಹಾರ್ದಿಕ ಅಭಿನಂದನೆಗಳು' ಎಂದು ಮುದ್ರಿತವಾಗಿತ್ತು.

ಸಮಿತಿ ತುರ್ತು ಸಭೆ ಸೇರಿತು. ಸಂಗನಬಸವ ಬಹಳ ಹೊತ್ತು ಯೋಚಿಸಿ ತನ್ನ ಅಭಿಪ್ರಾಯ ಮಂಡಿಸಿದ: "ಬ್ಯಾನರ್ ಇಳಿಸಿದರೆ ಅಧ್ಯಕ್ಷರ ಎರಡು ಭಾವಚಿತ್ರಗಳೂ ಇಳಿಯುತ್ತವೆ. ಅದು ಅಸಾಧ್ಯ. ಬ್ಯಾನರಿನಲ್ಲಿರುವುದು ಸುಳ್ಳೆಂದರೆ ಅಧ್ಯಕ್ಷರು ಸುಳ್ಳಿನ ಮೇಲೆ ಕೈಮುಗಿದು ನಿಂತಂತಾಗುತ್ತದೆ. ಅದೂ ಅಸಾಧ್ಯ. ಆದಕಾರಣ ಟಗರು ಪಾಸಾಗಿದೆ. ನಮ್ಮ ನಿಷೇಧವಿರುವುದು ವ್ಯಕ್ತಿಗಳಿಗೆ, ಟಗರಿಗಲ್ಲ." ಸಭೆ ಚಪ್ಪಾಳೆ ತಟ್ಟಿತು.

ಮೆರವಣಿಗೆ ಹೊರಟಿತು. ಡಿಜೆಯ ಸದ್ದಿಗೆ ಮನೆಮನೆಯ ತಗಡು ನಡುಗಿತು. ಜನ ಬಂದು ಜಮಾದಾರನ ಕೋಡಿಗೆ ಹಾರ ಹಾಕಿದರು. ಶಾಲೆಯ ಎದುರಿಗೆ ಮುದುಕರೊಬ್ಬರು ಮೆರವಣಿಗೆ ನಿಲ್ಲಿಸಿ, "ಗಣಿತದಾಗ ಎಷ್ಟು ಬಿದ್ದಾವ?" ಎಂದು ವಿಚಾರಿಸಿದರು. ಕರೆಮ್ಮನ ಮೈ ಉರಿಯಿತು.

"ಪಾಸಾದಾಕಿ ಇಲ್ಲಿ ನಿಂತಾಳ್ರೀ, ಹಗ್ಗ ಹಿಡಕೊಂಡು!" ಎಂದು ಕೂಗಿದಳು.

"ಹೌದೌದು, ಮನ್ಯಾಗ ಎಲ್ಲಾರೂ ಸಪೋಟ್ ಮಾಡಿದ್ರನ ಪಾಸಾಗಾಕ ಸಾಧ್ಯ," ಎಂದು ಮುದುಕರು ಪ್ರಿಯಾಂಕಾಳ ತಲೆ ಸವರಿದರು.

ಪ್ರಿಯಾಂಕಾಳ ತುಟಿ ಅದುರಿದ್ದು ಅಳುವಿಗೋ ನಗುವಿಗೋ ಕರೆಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹುಡುಗಿ ಬಗ್ಗಿ ತಾಯಿಯ ಕಿವಿಯಲ್ಲಿ, "ಸುಮ್ನಿರು ಬೇ ಯವ್ವಾ. ಅಲ್ನೋಡು, ಕಾಕಾ ಬರಾಕತ್ತಾನ," ಎಂದಳು.

ಸಿದ್ದರಾಮೇಶ ಬೀಗರೊಂದಿಗೆ ಬಸ್ಸಿನಿಂದ ಇಳಿದಿದ್ದ. ಬೀಗರು ಬ್ಯಾನರನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಗಂಡಿನ ತಂದೆ ರುಮಾಲು ತೆಗೆದು ಬೆವರು ಒರೆಸಿಕೊಂಡ.

"ಸಿದ್ದರಾಮೇಶ, ನಮ್ಮ ಹುಡುಗ ಎಂಟನೆತ್ತಕ್ಕ ಸಾಲಿ ಬಿಟ್ಟಾನ. ಇವರ ಮನ್ಯಾಗ ಟಗರು ಸೈತ ಹತ್ತು ಪಾಸ್ ಐತಿ. ನಾಳೆ ಅಳಿಯಾ ಆಗಿ ಇವರ ಮನಿಗೆ ಬಂದ್ರ ಆ ಟಗರಿನ ಮುಂದ ನಮ್ಮ ಹುಡುಗನ ಇಜ್ಜತ್ ಏನಾಗಬೇಕು?"

ಅವರು ಅದೇ ಬಸ್ಸು ಹತ್ತಿ ತಮ್ಮೂರು ಲಿಂಗಸುಗೂರಿಗೆ ಮರಳಿದರು. ಕರೆಮ್ಮ ಜಮಾದಾರನ ಬಾಯಿಗೆ ಒಂದು ಪೇಡೆ ಇಟ್ಟಳು. ಆಮೇಲೆ ಡಿಜೆಯ ಮುಂದೆ ಹೋಗಿ, ಜನ್ಮದಲ್ಲಿ ಎಂದೂ ಕುಣಿಯದವಳು, ಪೊರಕೆ ಹಿಡಿದಂತೆ ಕೈ ಬೀಸುತ್ತಾ ಕುಣಿದಳು.

ವಾರದೊಳಗೆ ಸಿಂಧನೂರಿನ ಒಂದು ಖಾಸಗಿ ಕಾಲೇಜಿನ ಪ್ರತಿನಿಧಿ ಆನಂದಕುಮಾರ ಕಾರಿನಲ್ಲಿ ಬಂದಿಳಿದ. ಮೊಬೈಲುಗಳಲ್ಲಿ ಟಗರಿನ ವಿಡಿಯೊ ಊರೂರು ಸುತ್ತಿತ್ತು. ಇಂಥ ಪ್ರತಿಭೆಗೆ ಪಿಯುಸಿ ಸೀಟು ಉಚಿತ, ಬದಲಿಗೆ ಅದರ ಚಿತ್ರವನ್ನು ಕಾಲೇಜಿನ ಬಸ್ಸಿನ ಮೇಲೆ ಹಾಕಲು ಒಪ್ಪಬೇಕೆಂದ.

"ಪ್ರಿಯಾಂಕಾಗ ಕೊಡ್ರಿ," ಎಂದಳು ಕರೆಮ್ಮ.

"ನಿಮ್ಮ ಮಗಳಂಥ ಫಸ್ಟ್ ಕ್ಲಾಸಿನವ್ರು ಬಾಳ ಮಂದಿ ಅದಾರ್ರಿ. ಟಗರು ಒಂದ ಐತಿ."

ಕರೆಮ್ಮ ಹಟ್ಟಿಯ ಕಡೆ ನೋಡಿದಳು, ಮಗಳ ಕಡೆ ನೋಡಿದಳು. "ಆತ್ರಿ. ಆದ್ರ ಜಮಾದಾರ ದಿನಾ ಬಸ್ಸಿನ್ಯಾಗ ಬಂದ್ರ ಕಂಡಕ್ಟರಿಗೆ ಗುದ್ದತಾನ. ಅವನ ಬದ್ಲಿ ಇಕಿ ಬಂದು ಕುಂದ್ರತಾಳ, ಇಕಿನ ಬರೀತಾಳ."

ಆನಂದಕುಮಾರ ಕಾಲೇಜಿಗೆ ಫೋನು ಮಾಡಿದ. ವಿದ್ಯಾರ್ಥಿಯ ಪರವಾಗಿ ಪ್ರತಿನಿಧಿ ಹಾಜರಾಗಬಾರದೆಂಬ ನಿಯಮ ಎಲ್ಲಿಯೂ ಇಲ್ಲವೆಂದು ಉತ್ತರ ಬಂತು. ಈಗ ದಿನಾಲೂ ಹಾಜರಿಯಲ್ಲಿ ಜಮಾದಾರನ ಹೆಸರು ಕೂಗುತ್ತಾರೆ, ಪ್ರಿಯಾಂಕಾ ಎದ್ದುನಿಂತು "ಎಸ್ ಸರ್" ಎನ್ನುತ್ತಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಜಮಾದಾರ ಜೀವಶಾಸ್ತ್ರದಲ್ಲಿ ತರಗತಿಗೇ ಮೊದಲಿಗನಾದ. ಅಧ್ಯಾಪಕರು ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆಂದರು.

ಸದ್ಯ ಮಸ್ಕಿಯ ಸಂತೆಯಲ್ಲಿ ಟಗರುಮರಿಗಳಿಗೆ ಒಳ್ಳೆಯ ಬೇಡಿಕೆಯಿದೆ. ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಹೆಣ್ಣುಮಕ್ಕಳ ತಾಯಂದಿರು ಮರಿ ಆರಿಸಲು ಕರೆಮ್ಮನನ್ನು ಕರೆದೊಯ್ಯುತ್ತಾರೆ. ಹೋದ ವಾರ ಮುಕ್ಕುಂದದ ದುರ್ಗಾದೇವಿ ಎಂಬಾಕೆ ಒಂದು ಕರಿ ಮರಿಯನ್ನು ಮುಂದೆ ಹಿಡಿದಳು.

"ಹೆಂಗೈತಿ ನೋಡಕ್ಕ, ಇದು ಪಾಸಾಕೈತೇನು?"

ಕರೆಮ್ಮ ಮರಿಯ ಹಲ್ಲು ನೋಡಿದಳು, ಹಣೆ ಮುಟ್ಟಿದಳು, ಬೆನ್ನು ತಟ್ಟಿದಳು.

"ನಿನ್ನ ಮಗಳು ಹೆಂಗ ಓದ್ತಾಳ?"

"ಬಾಳ ಚಲೋ ಓದ್ತಾಳಕ್ಕ."

"ಹಂಗಾದ್ರ ಮರಿ ಶಾಣ್ಯಾ ಐತಿ. ತಗೊಂಡುಬಿಡು."