ವಾಲ್ಟಿಗೆ ಪೂಜೆ ಮಾಡಿದ್ದು

ಬೀಗ, ಚಿಲಕಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಡೊಂಬಿವಲಿಯ ನಮ್ಮ ಪುಟ್ಟ ಫ್ಲ್ಯಾಟಿಗೆ ಎರಡು ಬಾಗಿಲು, ಮೂರು ಚಿಲಕ, ಒಂದು ಸರಪಳಿ. ಹಾಲಿನವನ ಹೆಸರು, ಬಂದ ಕಾರಣ ವಿಚಾರಿಸದೆ ನಾನು ಬಾಗಿಲು ತೆಗೆದವಳಲ್ಲ. ಹೀಗಾಗಿ ನಮ್ಮ ಆಫೀಸಿನ ಯಜಮಾನರಾದ ಜೋಶಿ ಸಾಹೇಬರು ಮೀಟಿಂಗಿನಲ್ಲಿ, "ಹೊಸ ಸೆಕ್ಯುರಿಟಿ ಸಿಸ್ಟಮ್ ಯಾರು ನೋಡ್ಕೊಳ್ತೀರಿ?" ಎಂದು ಕೇಳಿದಾಗ ನನ್ನ ಕೈ ತಾನಾಗಿ ಮೇಲೆದ್ದಿತು. ಉಳಿದ ಇಪ್ಪತ್ತೊಂದು ಜನರ ಕೈಗಳು ಮಡಿಲಲ್ಲೇ ಇದ್ದವು. ಆಗಲೇ ನನಗೆ ಅರ್ಥವಾಗಬೇಕಿತ್ತು!

ನಮ್ಮದು ರಬಾಳೆಯಲ್ಲಿರುವ ಸಣ್ಣ ಡಬ್ಬಿಂಗ್ ಸ್ಟುಡಿಯೋ. ಹಿಂದಿ ಧಾರಾವಾಹಿಗಳು ನಮ್ಮಲ್ಲಿಗೆ ಬಂದು ಕನ್ನಡ, ತಮಿಳು, ಮರಾಠಿ ಕಲಿತು ಹೋಗುತ್ತವೆ. ಹನ್ನೊಂದು ವರ್ಷದ ಹಿಂದೆ ರಿಸೆಪ್ಷನಿಸ್ಟ್ ಆಗಿ ಸೇರಿದ ನಾನು ಈಗ ಅಲ್ಲಿಯ ಅಡ್ಮಿನ್ ಮ್ಯಾನೇಜರ್. ಒಂದು ದೊಡ್ಡ ಕಂಪನಿ ನಮಗೆ ವರ್ಷವಿಡೀ ಕೆಲಸ ಕೊಡಲು ತಯಾರಿತ್ತು. ಷರತ್ತು ಒಂದೇ, ಪ್ರಸಾರವಾಗದ ಕಂತುಗಳು ನಮ್ಮಿಂದ ಹೊರಗೆ ಸೋರಬಾರದು. ಅವರ ಕಡೆಯ ಇನ್‌ಸ್ಪೆಕ್ಟರ್ ಬಂದು ನೋಡಿ ಪಾಸ್ ಮಾಡಿದರೆ ಕೆಲಸ ನಮಗೆ, ಇಲ್ಲವಾದರೆ ಅಂಧೇರಿಯವರಿಗೆ. ಅಂಧೇರಿಗೆ ಹೋದರೆ ನಮ್ಮಲ್ಲಿ ಅರ್ಧ ಜನ ಮನೆಗೆ ಹೋಗಬೇಕಾಗುತ್ತದೆ ಎಂದು ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪಾಸಾದರೆ ನನಗೆ 'ಭದ್ರತಾ ಅಧಿಕಾರಿ' ಎಂಬ ಹುದ್ದೆಯೂ ಸಿಗುವುದಿತ್ತು. ಆ ಎರಡು ಪದ ನನ್ನ ತಲೆ ತಿರುಗಿಸಿದವು.

ನಮ್ಮವರು ಭಿವಂಡಿಯ ಬಟ್ಟೆ ಗೋಡೌನಿನಲ್ಲಿ ಸೂಪರ್‌ವೈಸರ್. ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಕ್ಯಾಮೆರಾ, ಮುಖ ಗುರುತಿಸುವ ಯಂತ್ರ, ಉಕ್ಕಿನ ಬಾಗಿಲು ಎಲ್ಲವನ್ನೂ ವಿವರಿಸಿದೆ.

"ನಮ್ಮ ಗೋಡೌನಿಗೆ ಒಂದು ಬೀಗ, ಒಂದು ನಾಯಿ. ಇವತ್ತಿನವರೆಗೆ ಒಂದು ಕರ್ಚೀಫು ಹೋಗ್ಲಿಲ್ಲ. ನಿಮ್ಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?" ಎಂದರು.

"ನಮ್ಮದು ಬಟ್ಟೆ ಅಲ್ಲ, ಕಂಟೆಂಟ್."

"ಕಂಟೆಂಟ್ ಆದ್ರೆ ನಾಯಿ ಬೊಗಳುದಿಲ್ವಾ?"

ಇಂಥವರ ಜೊತೆ ತಾಂತ್ರಿಕ ವಿಷಯ ಮಾತಾಡಿ ಫಲವಿಲ್ಲ ಎಂದು ನಾನು ಸಾರು ಬಡಿಸಿದೆ.

ಕಲ್ಯಾಣದಿಂದ ಇರ್ಫಾನ್ ಎಂಬ ಮೆಕ್ಯಾನಿಕ್ ಬಂದು ಹದಿನೈದು ದಿನ ಗೋಡೆ ಕೊರೆದ. ಕಂತುಗಳನ್ನು ಇಡುವ ಕೋಣೆಗೆ 'ವಾಲ್ಟ್' ಎಂದು ನಾಮಕರಣವಾಯಿತು. ಅದಕ್ಕೆ ಒಂದರ ಹಿಂದೆ ಒಂದು ಎರಡು ಉಕ್ಕಿನ ಬಾಗಿಲು, ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಮೊದಲನೆಯದು ಪೂರ್ತಿ ಮುಚ್ಚಿಕೊಳ್ಳದೆ ಎರಡನೆಯದು ತೆರೆಯದು. ಯಂತ್ರಕ್ಕೆ ಮುಖ ತೋರಿಸಿ ಒಳಗೆ ಹೋಗಬೇಕು, ಮುಖ ತೋರಿಸಿಯೇ ಹೊರಗೆ ಬರಬೇಕು. ವಾಚ್‌ಮನ್ನನ ಕಾರ್ಡು ತೆರೆಯುವುದು ಹೊರಬಾಗಿಲನ್ನು ಮಾತ್ರ, ಅದೂ ಹೊರಗಡೆಯಿಂದ. ಹೊರಬರುವಾಗ ಮುಖ ತೋರಿಸದವರು ಯಂತ್ರದ ಪ್ರಕಾರ ಇನ್ನೂ ಒಳಗೇ ಇರುತ್ತಾರೆ, ಅವರಿಗೆ ಯಾವ ಬಾಗಿಲೂ ತೆರೆಯುವುದಿಲ್ಲ. ಹೊಗೆ ಕಂಡರೆ ಮಾತ್ರ ಆಫೀಸಿನ ಎಲ್ಲ ಬಾಗಿಲುಗಳೂ ತಾವಾಗಿ ತೆರೆದುಕೊಳ್ಳುತ್ತವೆ.

"ಮ್ಯಾಡಮ್, ಎಮರ್ಜೆನ್ಸಿ ಬಟನ್ ದೋನೋ ದರ್ವಾಜೇ ಕೇ ಬೀಚ್ ಮೇ ಲಗಾತಾ ಹೂಂ," ಎಂದ ಇರ್ಫಾನ್.

ನಡುವೆ ಬೇಡ ಎಂದೆ. ಅಲ್ಲಿ ಸಿಕ್ಕಿಬಿದ್ದ ಕಳ್ಳನೇ ಬಟನ್ ಒತ್ತಿ ಓಡಿಹೋದರೆ? ಹೊರಗಡೆ ಗೋಡೆಗೆ ಹಾಕಲು ಅಪ್ಪಣೆ ಕೊಟ್ಟೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ನನ್ನ ಬುದ್ಧಿಗೆ ಬೆರಗಾಗಿದ್ದಾನೆ ಎಂದುಕೊಂಡೆ.

ಮೊದಲ ವಾರದ ತೊಂದರೆ ಯಂತ್ರದ್ದಲ್ಲ, ನಮ್ಮ ಸಂಸ್ಕಾರದ್ದು. ಹಿಂದೆ ಬರುವವರ ಮುಖಕ್ಕೆ ಬಾಗಿಲು ಹಾಕುವುದು ಹೇಗೆ? ಒಬ್ಬರು ಆಫೀಸಿನ ಬಾಗಿಲಿಗೆ ಕಾರ್ಡ್ ತೋರಿಸಿ "ಆಯಿಯೇ, ಆಯಿಯೇ" ಎನ್ನುತ್ತ ಹಿಡಿದು ನಿಂತರೆ ಐದು ಜನ ದಾಟಿಬಿಡುತ್ತಿದ್ದರು. ಬಾಗಿಲು ಹಿಡಿಯುವವಳು ಹೆಚ್ಚಾಗಿ ನಾನೇ. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಕಂಪ್ಯೂಟರ್ ನೋಡಿದರೆ ಮೂವರು ಇನ್ನೂ ಒಳಗಿದ್ದಾರೆ! ಅವರಲ್ಲಿ ಒಬ್ಬರು ಜೋಶಿ ಸಾಹೇಬರು. ಠಾಣೆಯ ಅವರ ಮನೆಗೆ ಫೋನ್ ಮಾಡಿದೆ.

"ಸಾಹೇಬ್ರೇ, ಸಿಸ್ಟಮ್ ಪ್ರಕಾರ ನೀವಿನ್ನೂ ಆಫೀಸಲ್ಲೇ ಇದ್ದೀರಿ."

"ನನ್ನ ಹೆಂಡತಿಯೂ ಯಾವಾಗಲೂ ಅದನ್ನೇ ಹೇಳ್ತಾಳೆ," ಎಂದು ಅವರು ಫೋನ್ ಇಟ್ಟರು.

ನಾನು ಸಿಟ್ಟಿನಿಂದ ಹದಿನಾಲ್ಕು ನಿಯಮಗಳನ್ನು ಬರೆದು, ಸಹಿ ಹಾಕಿ, ಗೋಡೆಗೆ ಅಂಟಿಸಿದೆ. ದಾಕ್ಷಿಣ್ಯ ನಿಷೇಧಿಸಲಾಗಿದೆ, ಒಬ್ಬರ ಹಿಂದೆ ಇನ್ನೊಬ್ಬರು ನುಗ್ಗತಕ್ಕದ್ದಲ್ಲ, ವಾಲ್ಟಿನ ಬಳಿ ಮೊಬೈಲ್ ಒಯ್ಯತಕ್ಕದ್ದಲ್ಲ, ಇತ್ಯಾದಿ. ವಾಚ್‌ಮನ್ ತಿವಾರಿಗೆ ಎಲ್ಲವನ್ನೂ ಬಾಯಿಪಾಠ ಮಾಡಿಸಿದೆ. ಅವನೊಬ್ಬ ಬಹಳ ಶ್ರದ್ಧೆಯ ಮನುಷ್ಯ. ನನ್ನ ದುರದೃಷ್ಟ!

ಇನ್‌ಸ್ಪೆಕ್ಟರ್ ಬರುವುದು ಶುಕ್ರವಾರ ಹನ್ನೊಂದಕ್ಕೆ ಎಂದು ಗೊತ್ತಾಯಿತು. ಕ್ಯಾಲೆಂಡರ್ ನೋಡಿದೆ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ! ಅದಕ್ಕೆ ಮೊದಲೇ ಪೂಜೆ ಮುಗಿಯಬೇಕು. ಪೂಜೆಯೇ ಬೇಡ ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ. ಹೊಸ ಮಿಕ್ಸರಿಗೂ ಕುಂಕುಮ ಹಚ್ಚದೆ ಚಟ್ನಿ ಅರೆಯದ ಮನೆತನ ನಮ್ಮದು. ವರ್ಷದ ಅನ್ನ ಕೊಡುವ ಯಂತ್ರಗಳನ್ನು ಬರಿಹಣೆಯಲ್ಲಿ ಬಿಡುವುದೇ?

ಶುಕ್ರವಾರ ಹೂವು, ಹಣ್ಣು, ತೆಂಗಿನಕಾಯಿಯ ಚೀಲ ಹಿಡಿದು ಹೊರಟರೆ ಲೋಕಲ್ ತಡ. ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ ತಲುಪಿದಾಗ ಎಂಟೂ ಮುಕ್ಕಾಲಲ್ಲ, ಒಂಬತ್ತೂ ಮುಕ್ಕಾಲು. ಓಡಿಹೋಗಿ ಸ್ಟೂಲು ಹತ್ತಿ ಹದಿನಾರು ಕ್ಯಾಮೆರಾಗಳಲ್ಲಿ ಹದಿನೈದಕ್ಕೆ ನಟ್ಟನಡುವೆ ಕುಂಕುಮವಿಟ್ಟೆ. ವಾಲ್ಟಿನೊಳಗಿನ ಒಂದು ಮಾತ್ರ ಕೈಗೆ ಎಟುಕಲಿಲ್ಲ. ಕೈಯಲ್ಲಿ ತಟ್ಟೆ ಹಿಡಿದು ಎರಡೆರಡು ಬಾಗಿಲು ದಾಟುವುದು ಕಷ್ಟವಾಗಿ, ತಿವಾರಿಗೆ ಮೊದಲೇ ಹೇಳಿಟ್ಟು, ಒಮ್ಮೆ ಮುಖ ತೋರಿಸಿ ಒಳಹೊಕ್ಕ ಮೇಲೆ ಅವನಿಂದ ಎಮರ್ಜೆನ್ಸಿ ಬಟನ್ ಒತ್ತಿಸಿ ಎರಡೂ ಬಾಗಿಲು ಹಾರುಹೊಡೆಸಿಬಿಟ್ಟೆ. ಆಮೇಲೆ ಅತ್ತೆಮನೆಯಲ್ಲಿ ಓಡಾಡುವ ಹಾಗೆ ಓಡಾಡಿದೆ. ಬಾಳೆಹಣ್ಣಿಗೆ ಇಪ್ಪತ್ತೊಂದು ಊದುಬತ್ತಿ ಚುಚ್ಚಿ ಯಂತ್ರಗಳ ಮುಂದಿಟ್ಟೆ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುವುದು ಪದ್ಧತಿಯಷ್ಟೆ. ಬಾಗಿಲಿಗೆ ಚಕ್ರವಿಲ್ಲದ ಕಾರಣ ಹೊರಬಾಗಿಲಿನ ಹೊಸ್ತಿಲ ಮೂಲೆಯಲ್ಲಿ ಒಂದನ್ನು ಇಟ್ಟೆ.

ಅಷ್ಟರಲ್ಲಿ ತಿವಾರಿ ಓಡಿಬಂದ. "ಮ್ಯಾಡಮ್, ಇನ್‌ಸ್ಪೆಕ್ಟರ್ ಮ್ಯಾಡಮ್ ಆ ಗಯೀ!"

ಗಂಟೆ ಹತ್ತು ಇಪ್ಪತ್ತು. ಬಾಗಿಲು ಹಾಕಲು ಅವನಿಗೆ ಹೇಳಿ ನಾನು ರಿಸೆಪ್ಷನ್ನಿಗೆ ಧಾವಿಸಿದೆ. ಇನ್‌ಸ್ಪೆಕ್ಟರ್ ಐವತ್ತರ ಹೆಂಗಸು, ಹೆಸರು ಪಾಟೀಲ. ನಗು ಎಂಬುದನ್ನು ಮನೆಯಲ್ಲಿಟ್ಟು ಬಂದಂತಿದ್ದರು. ಮರಾಠಿಯಲ್ಲಿ ಕುಶಲ ವಿಚಾರಿಸಿ, ನಿಯಮದ ಪ್ರಕಾರ ಇಬ್ಬರ ಮೊಬೈಲುಗಳನ್ನೂ ತೆಗೆದಿರಿಸಿ, ಗಂಭೀರವಾಗಿ ವಾಲ್ಟಿನತ್ತ ಕರೆದೊಯ್ದೆ. ತಿವಾರಿ ತನ್ನ ಕಾರ್ಡಿನಿಂದ ಹೊರಬಾಗಿಲು ತೆರೆದ. "ಆಡಿಟ್ ಮುಗಿಯುವವರೆಗೆ ಈ ಕಡೆ ಯಾರೂ ಬರಕೂಡದು, ನೀನೂ ಸಹ!" ಎಂದು ಹಿಂದಿಯಲ್ಲಿ ಗದರಿಸಿದೆ. ಅವನು ಸೆಲ್ಯೂಟ್ ಹೊಡೆದು ಹೊರಟುಹೋದ.

ನಾವಿಬ್ಬರೂ ನಡುವಿನ ಜಾಗದಲ್ಲಿ ನಿಂತೆವು. ಮೂಲೆಯಲ್ಲಿದ್ದ ನಿಂಬೆಹಣ್ಣು ಉರುಳಿ ಬಂದು, ಹೊರಬಾಗಿಲು ಅದಕ್ಕೆ ತಾಗಿ ನಿಂತಿತು. ಅದು ಮುಚ್ಚದೆ ಒಳಬಾಗಿಲು ತೆರೆಯದು. ನಾನು ಮಾತಾಡುತ್ತಲೇ ಚಪ್ಪಲಿಯಿಂದ ನಿಂಬೆಹಣ್ಣನ್ನು ಹೊರಕ್ಕೆ ತಳ್ಳಿದೆ. ಬಾಗಿಲು ಧಡ್ ಎಂದು ಮುಚ್ಚಿತು. ಇನ್ನೇನು ಎಂದು ಒಳಬಾಗಿಲಿನ ಯಂತ್ರಕ್ಕೆ ಮುಖ ಕೊಟ್ಟೆ. ಕೆಂಪು ದೀಪ. ಪರದೆಯ ಮೇಲೆ, 'ನಳಿನಿ ಶೆಟ್ಟಿ ಈಗಾಗಲೇ ಒಳಗಿದ್ದಾರೆ' ಎಂಬರ್ಥದ ಇಂಗ್ಲಿಷ್ ಸಾಲು!

ಪೂಜೆ ಮುಗಿಸಿ ಹೊರಬರುವಾಗ ನಾನು ಮುಖ ತೋರಿಸಿರಲಿಲ್ಲ. ಹೊರಬಾಗಿಲಿಗೆ ಮುಖ ತೋರಿಸಿದೆ, ಅದೂ ಅದನ್ನೇ ಹೇಳಿತು. ವಾಲ್ಟಿನೊಳಗೆ ಕ್ಷೇಮವಾಗಿರುವ ನಳಿನಿ ಶೆಟ್ಟಿಯನ್ನು ನಂಬಿ ಅದು ಇಲ್ಲಿ ಬೆವರುತ್ತಿದ್ದ ನಳಿನಿ ಶೆಟ್ಟಿಯನ್ನು ನಿರಾಕರಿಸಿತು.

"ಎಮರ್ಜೆನ್ಸಿ ಬಟನ್?" ಎಂದು ಮೇಡಂ ಕೇಳಿದರು.

"ಹೊರಗಿದೆ."

ಅವರು ಪುಸ್ತಕ ತೆಗೆದು ಏನೋ ಬರೆದರು. ನಾನು ಬಾಗಿಲು ಬಡಿದೆ. ಡಬ್ಬಿಂಗ್ ಸ್ಟುಡಿಯೋದ ಗೋಡೆಗಳು, ಸದ್ದು ಹೊರಗೆ ಹೋಗದಂತೆ ಕಟ್ಟಿದವು. ಹೋಗಲಿಲ್ಲ. ಹನ್ನೊಂದು ಮನೆಗಳ ಒಲೆಗೆ ನನ್ನ ಕೈಯಾರೆ ನೀರು ಹೊಯ್ದೆನಲ್ಲ ಎಂದುಕೊಂಡೆ. ಗೋಡೆಯತ್ತ ತಿರುಗಿ, "ದೇವರೇ, ಈ ದರಿದ್ರದವಳು ಹೇಳಿದ ಹೊತ್ತಿಗೇ ಬರಬಾರದಿತ್ತಾ!" ಎಂದು ಕನ್ನಡದಲ್ಲಿ ಗೊಣಗಿದೆ.

"ನಾ ಬೆಳಗಾವ್ಯಾಕಿ ಅದೀನ್ರಿ," ಎಂದರು ಪಾಟೀಲ ಮೇಡಂ, ಪುಸ್ತಕದಿಂದ ತಲೆಯೆತ್ತದೆ. "ದರಿದ್ರ ಅಂದ್ರ ಏನಂತ ನಮಗೂ ತಿಳೀತೈತಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಬಿಟ್ಟರೂ ಆ ಜಾಗದಲ್ಲಿ ನನ್ನ ಜೊತೆ ಅವರೂ ಬೀಳುತ್ತಿದ್ದರು.

"ಮತ್ತ ಬಾಗಲದಾಗ ನಿಂಬಿಹಣ್ಣ ಯಾಕಿತ್ರಿ?"

ಪೂಜೆ, ರಾಹುಕಾಲ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಅದನ್ನೂ ಬರೆದುಕೊಂಡರು. ಹೇಳುತ್ತಿದ್ದ ಹಾಗೇ ಒಳಬಾಗಿಲಿನ ಅಡಿಯಿಂದ ಮಲ್ಲಿಗೆಯ ಪರಿಮಳ ಬರತೊಡಗಿತು. ಇಪ್ಪತ್ತೊಂದು ಊದುಬತ್ತಿಗಳು! ಮರುಕ್ಷಣವೇ ಬೆಂಕಿಯ ಸೈರನ್ ಹೊಡೆದುಕೊಂಡು ಕಟ್ಟಡದ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದವು. ಕನ್ನಡ, ತಮಿಳು, ಮರಾಠಿ ಎನ್ನದೆ ಎಲ್ಲ ಕಂಠಗಳೂ ಕೂಗುತ್ತ ರಸ್ತೆಗೆ ಓಡಿದವು.

ನಾವು ವಾಲ್ಟಿನೊಳಗೆ ಹೋಗಿ ಬಾಳೆಹಣ್ಣನ್ನೂ ಊದುಬತ್ತಿಯನ್ನೂ ನೋಡುತ್ತ ನಿಂತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಕಿತಿ ಕಟಿಂಗ್?"

ನಮ್ಮ ಗಲ್ಲಿಯ ಚಹಾದ ಪಾಂಡುಮಾಮಾ! ಅರವತ್ತು ದಾಟಿದ ಮನುಷ್ಯ, ಎಲ್ಲ ಬಾಗಿಲು ತೆರೆದಿರುವುದನ್ನು ಕಂಡು, ಎಷ್ಟು ಅರ್ಧಲೋಟ ಚಹಾ ಬೇಕೆಂದು ಕೇಳಲು ಕೆಟಲ್ ಹಿಡಿದು ನೇರವಾಗಿ ವಾಲ್ಟಿಗೇ ಬಂದಿದ್ದರು.

"ದೋನ್," ಎಂದು ಎರಡು ಬೆರಳೆತ್ತಿದರು ಪಾಟೀಲ ಮೇಡಂ.

ಚಹಾ ಕುಡಿದು ಅವರು ಕ್ಯಾಮೆರಾದ ಪರದೆಗಳನ್ನು ನೋಡಲು ಕೂತರು. ಹದಿನೈದರ ನಡುವೆಯೂ ದೊಡ್ಡ ಕೆಂಪು ಚುಕ್ಕೆ.

"ಎಲ್ಲಾ ಕಡೆ ಹೊತ್ತ ಮುಳಗಾಕತ್ತೈತಲ್ರೀ," ಎಂದರು.

ವಾಲ್ಟಿನೊಳಗಿನ ಹದಿನಾರನೆಯದು ಸ್ವಚ್ಛವಾಗಿತ್ತು. ಅದರಲ್ಲಿ ಪೂಜೆ ಮಾಡುತ್ತ ನಾನೊಬ್ಬಳೇ ಇದ್ದೆ, ಮೊದಲಿನಿಂದ ಕೊನೆಯವರೆಗೆ.

ಒಂದು ವಾರ ನಾನು ಸಹೋದ್ಯೋಗಿಗಳ ಮುಖ ನೋಡಲಿಲ್ಲ. ನಮ್ಮವರು ಕೂಡ ಚೇಷ್ಟೆ ಮಾಡದೆ, "ಎಂತ ಮಾಡುದು, ಊಟ ಮಾಡು," ಎನ್ನುತ್ತಿದ್ದರು. ಅದರಿಂದ ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ತಿಳಿಯಿತು. ಎಂಟನೆಯ ದಿನ ಜೋಶಿ ಸಾಹೇಬರು ಎಲ್ಲರನ್ನೂ ಕರೆದು ರಿಪೋರ್ಟ್ ಓದಿದರು.

ಪಾಸ್!

ನಾನು ಎಲ್ಲರೆದುರಿಗೇ ಅತ್ತುಬಿಟ್ಟೆ. ಸಾಹೇಬರು ಮುಂದೆ ಓದಿದರು. ಹೊರಬಾಗಿಲು ಮುಚ್ಚುವವರೆಗೆ ಒಳಬಾಗಿಲು ತೆರೆಯಲಿಲ್ಲ, ಸರಿಯಾಗಿದೆ. ಹೊರಹೋದ ದಾಖಲೆಯಿಲ್ಲದ ವ್ಯಕ್ತಿಯನ್ನು ಯಂತ್ರ ತಡೆಯಿತು, ಸರಿಯಾಗಿದೆ. ಹೊಗೆಗೆ ಬಾಗಿಲುಗಳು ತೆರೆದವು, ಸರಿಯಾಗಿದೆ. ವಾಚ್‌ಮನ್ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಬಟನ್ನನ್ನು ನಡುವಿನ ಜಾಗಕ್ಕೆ ಹಾಕಬೇಕು, ಕ್ಯಾಮೆರಾಗಳನ್ನು ಒರೆಸಬೇಕು. ಒಟ್ಟು ಒಂಬತ್ತು ನಿಯಮಭಂಗಗಳು ಕಂಡುಬಂದಿವೆ, ಒಂಬತ್ತನ್ನೂ ಒಬ್ಬರೇ ವ್ಯಕ್ತಿ ಮಾಡಿದ್ದಾರೆ. ಸದರಿ ವ್ಯಕ್ತಿಯನ್ನು ಕಾವಲಿಲ್ಲದೆ ವಾಲ್ಟಿನೊಳಗೆ ಬಿಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ನೀಡಲಾಗಿದೆ.

ಯಾರೂ ನನ್ನ ಕಡೆ ನೋಡಲಿಲ್ಲ. ಅಷ್ಟು ದಾಕ್ಷಿಣ್ಯ ನಮ್ಮ ಆಫೀಸಿನವರಿಗೆ ಉಳಿದಿತ್ತು.

ಈಗ ಭದ್ರತಾ ಅಧಿಕಾರಿಯ ಕುರ್ಚಿಯಲ್ಲಿ ಇರುವುದು ತಿವಾರಿ. ತಿಂಗಳಿಗೊಮ್ಮೆ ವಾಲ್ಟಿನ ಸಾಮಾನು ಎಣಿಸುವ ಕೆಲಸ ಮಾತ್ರ ನನ್ನದೇ. ಆ ದಿನ ನಾನು ವಿಸಿಟರ್ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಬಂದ ಕಾರಣ ಬರೆದು, ಕೊರಳಿಗೆ ವಿಸಿಟರ್ ಪಟ್ಟಿ ಹಾಕಿಕೊಂಡು ರಿಸೆಪ್ಷನ್ನಿನ ಸೋಫಾದಲ್ಲಿ ಕೂರುತ್ತೇನೆ. ತಿವಾರಿ ಊಟದ ಡಬ್ಬಿ ಮುಗಿಸಿ ಬಂದು ಒಳಗೆ ಕರೆದೊಯ್ಯಬೇಕು. ಅವನು ಬಹಳ ನಿಧಾನವಾಗಿ ಅಗಿಯುತ್ತಾನೆ.