ಸರ್ಕಾರಿ ಗಾಜಿನಲ್ಲಿ ಕಾಣುವ ಆಕಾಶದ ಫೋಟೋ ತೆಗೆಯುವ ಬಗ್ಗೆ

ಶಾಖಾ ಕಚೇರಿ, ಗೋಕಾಕ
ಸುತ್ತೋಲೆ ಸಂಖ್ಯೆ: ಗಾಜು/ಆಕಾಶ/ಆಯುಷ್ಯ/7/1961-62
ದಿನಾಂಕ: 20-11-1961

ವಿಷಯ: ಇಲಾಖೆಯ ಹೊಸ ಕಟ್ಟಡದ ಗಾಜಿನಲ್ಲಿ ಕಾಣುವ ಆಕಾಶವನ್ನು, ಹಾಗೂ ಸದರಿ ಆಕಾಶದೊಂದಿಗೆ ಕಾಣುವ ಮುದುಕಿಯರನ್ನು, ಫೋಟೋ ತೆಗೆಯುವ ಬಗ್ಗೆ.

ಉಲ್ಲೇಖ: (ಅ) ಮಾನ್ಯ ಸಾಹೇಬರು ಘೋಡಗೇರಿ ಪ್ರವಾಸದಿಂದ ಮರಳಿ, ಜೀಪಿನಿಂದ ಇಳಿಯುವ ಮೊದಲೇ ನೀಡಿದ ಮೌಖಿಕ ಆದೇಶ.
(ಆ) ಅದೇ ಆದೇಶದ ನೆನಪೋಲೆಗಳು. ಎಲ್ಲವೂ ಕೂಗಿ ಹೇಳಿದಂಥವು.

ಪ್ರಸ್ತಾವನೆ:

ಇಲಾಖೆಯ ಗೋಕಾಕ ಕಚೇರಿಯ ಪಡುವಣ ಗೋಡೆಯನ್ನು, ಪುಣೆಯ ಎಂಜಿನಿಯರರೊಬ್ಬರ ಸಲಹೆಯಂತೆ, ನೆಲದಿಂದ ಮಾಳಿಗೆಯವರೆಗೆ ಬರೀ ಗಾಜಿನಿಂದ ಕಟ್ಟಲಾಗಿದೆ. ದೊಡ್ಡ ಶಹರಗಳಲ್ಲಿ ಈಗ ಹೀಗೆಯೇ ಕಟ್ಟುತ್ತಾರೆಂದೂ, ಬೆಳಕು ಬಂದರೆ ಕಡತಗಳು ಬೇಗ ಸಾಗುತ್ತವೆಂದೂ ತಿಳಿಸಲಾಗಿತ್ತು. ಕಡತಗಳು ಸಾಗಿರುವುದಿಲ್ಲ. ಮಧ್ಯಾಹ್ನದ ಮೇಲೆ ಸಿಬ್ಬಂದಿ ಕಚೇರಿಯ ಒಳಗೆ ಕೊಡೆ ಬಿಚ್ಚಿಕೊಂಡು ಕೂಡುತ್ತಾರೆ. ಆದರೆ ಬೆಳಗಿನ ಹೊತ್ತು ಸದರಿ ಗಾಜಿನಲ್ಲಿ ಆಕಾಶ, ಮೋಡ, ಹದ್ದು ಮುಂತಾದವು ಬಹಳ ಚೆನ್ನಾಗಿ ಕಾಣುತ್ತವೆ. ಇದನ್ನು ಕಂಡ ಫೋಟೋಗ್ರಾಫರ ದಸ್ತಗೀರ ತನ್ನ ಬಣ್ಣದ ಪರದೆ ಮಡಚಿಟ್ಟು, ಮೂರು ಕಾಲಿನ ಕ್ಯಾಮೆರಾ ತಂದು ಕಚೇರಿಯ ಅಂಗಳದಲ್ಲಿ ಊರಿದನು.

ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಈ ಭಾಗದ ಹಿರಿಯ ಹೆಂಗಸರಲ್ಲಿ ಇರುವುದು ಇಲಾಖೆಗೆ ತಿಳಿದಿದೆ. ಘೋಡಗೇರಿಯ ಕಾಡವ್ವ ಎಂಬವರು ಇದಕ್ಕೊಂದು ದಾರಿ ಕಂಡುಹಿಡಿದರು. ಅವರು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ಗಾಜಿಗೆ ಮುಖ ಮಾಡಿ ಕುಳಿತು, ಗಾಜಿನಲ್ಲಿ ಕಾಣುವ ಮುಖದ ಫೋಟೋ ತೆಗೆಯಲು ಹೇಳಿದರು. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಕ್ಯಾಮೆರಾ ನನ್ನ ಬೆನ್ನ ನೋಡ್ಲಿ. ಮಾರಿ ಗಾಜಿನಾಗಿಂದ ತಗೊಳ್ಳಲಿ. ಆಯುಷ್ಯ ಹೋದ್ರ ಸರಕಾರದ್ದು ಹೋಗ್ಲಿ, ಅವರಿಗೇನು ಕಡಿಮಿ ಐತಿ?"

ಅಂದಿನಿಂದ ಕೊಣ್ಣೂರ, ಮೂಡಲಗಿ, ಹುಕ್ಕೇರಿ ಕಡೆಯ ಮುದುಕಿಯರು ಕಚೇರಿ ತೆರೆಯುವ ಮೊದಲೇ ಸಾಲು ಹಚ್ಚುತ್ತಿದ್ದಾರೆ. ಇಷ್ಟರವರೆಗೆ ಸಾಹೇಬರ ತಕರಾರು ಇರಲಿಲ್ಲ. ಆದರೆ ಪ್ರವಾಸಕ್ಕೆ ಹೋದಾಗ ಅವರು ಕಾಡವ್ವನ ಮನೆಯಲ್ಲಿ ಚಹಾ ಕುಡಿಯುತ್ತ ದೇವರ ಜಗಲಿಯ ಕಡೆ ನೋಡಿದರು. ಅಲ್ಲಿ ಕಾಡವ್ವನ ಫೋಟೋ ಇತ್ತು. ಆಕೆಯ ತಲೆಯ ಮೇಲಿನ ಕಾರ್ಮೋಡದಲ್ಲಿ, ಮೇಜಿಗೆ ತಲೆ ಆನಿಸಿ ಬಾಯಿ ತೆರೆದು ಮಲಗಿದ ಸಾಹೇಬರೂ ಇದ್ದರು. ಮನೆಯವರು ಅದನ್ನು ತೀರಿಹೋದ ಅಜ್ಜನೆಂದು ತಿಳಿದು, ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಸಾಹೇಬರು ಚಹಾ ಪೂರ್ತಿ ಕುಡಿಯಲಿಲ್ಲ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಗಾಜಿನಲ್ಲಿ ಕಾಣುವ ಆಕಾಶವು ಚೌಕಟ್ಟಿನ ಒಳಗೆ ಇರುವಷ್ಟು ಹೊತ್ತು ಇಲಾಖೆಯ ಸ್ವತ್ತಾಗಿರುತ್ತದೆ. ಚೌಕಟ್ಟು ದಾಟಿ ಹೋದ ಮೋಡಕ್ಕೆ ಇಲಾಖೆ ಜವಾಬ್ದಾರಿಯಲ್ಲ.

2. ಬಿಳಿ ಮೋಡ ಇದ್ದಾಗ ಮಾತ್ರ ಫೋಟೋ ತೆಗೆಯತಕ್ಕದ್ದು. ಗಾಜಿನ ಮೇಲೆ ಬೆಳಕು ಬಿದ್ದ ಕಡೆ ಆಕಾಶ ಕಾಣುತ್ತದೆ, ಕಪ್ಪು ಬಿದ್ದ ಕಡೆ ಕಚೇರಿಯ ಒಳಗಿನದು ಕಾಣುತ್ತದೆ ಎಂದು ದಸ್ತಗೀರ ವಿವರಣೆ ನೀಡಿದ್ದಾನೆ. ಆದಕಾರಣ ಗಾಜಿನ ಎದುರು ಕಾರ್ಮೋಡ, ಕಪ್ಪು ಕೊಡೆ, ಎಮ್ಮೆ ಹಾಗೂ ವಕೀಲರನ್ನು ನಿಷೇಧಿಸಲಾಗಿದೆ. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ವಿಷಯ ಕರಡು ಬರೆಯುವಾಗ ಯಾರಿಗೂ ಹೊಳೆಯಲಿಲ್ಲ.

3. ಕಚೇರಿ ವೇಳೆಯಲ್ಲಿ ಕಣ್ಣು ಮುಚ್ಚಿ ವಿಚಾರ ಮಾಡುವ ಅಧಿಕಾರಿಗಳು ಗಾಜಿನಿಂದ ದೂರ ಕೂಡತಕ್ಕದ್ದು, ಹಾಗೂ ಬಾಯಿಯನ್ನೂ ಮುಚ್ಚಿಕೊಳ್ಳತಕ್ಕದ್ದು. ಫೋಟೋ ತೆಗೆಯುವಾಗ ಉಳಿದ ಸಿಬ್ಬಂದಿ ಕುರ್ಚಿ ಬಿಟ್ಟು ಏಳತಕ್ಕದ್ದಲ್ಲ. ಎದ್ದು ಹಣಿಕಿಕ್ಕಿ ನೋಡಿದವರು ಯಾರದೋ ಮನೆಯ ಜಗಲಿ ಸೇರಿದರೆ ಇಲಾಖೆ ಬಿಡಿಸಿಕೊಂಡು ಬರುವುದಿಲ್ಲ.

4. ಮುದುಕಿಯರು ಹೇಳುವಂತೆ ಆಯುಷ್ಯ ಗಾಜಿನಿಂದ ಹೋಗುವುದು ನಿಜವಾದರೆ, ಕಟ್ಟಡದ ಆಯುಷ್ಯದಲ್ಲಿ ಈವರೆಗೆ ಎಷ್ಟು ಹೋಗಿದೆ ಎಂದು ಎಂಜಿನಿಯರರು ವರದಿ ಸಲ್ಲಿಸತಕ್ಕದ್ದು. ಮಾಳಿಗೆ ಮೊದಲ ಮಳೆಗೇ ಸೋರಿದ್ದಕ್ಕೆ ಗುತ್ತಿಗೆದಾರರು ಇದೇ ಕಾರಣ ಕೊಟ್ಟಿರುತ್ತಾರೆ.

5. ಮೂಡಲಗಿ ಉಪಕಚೇರಿಯಲ್ಲಿ ಒಂದೇ ಗಾಜು ಇದ್ದು, ಅದೂ ಸೀಳಿದೆ. ಸೀಳು ಗಾಜಿನದು, ಆಕಾಶದ್ದಲ್ಲ ಎಂದು ಅಲ್ಲಿ ಫಲಕ ಹಾಕತಕ್ಕದ್ದು. ಹುಕ್ಕೇರಿ ಉಪಕಚೇರಿಯಲ್ಲಿ ಕಟ್ಟಿಗೆಯ ಕಿಟಕಿಗಳು ಮಾತ್ರ ಇರುವುದರಿಂದ, ಅವರು ತಿಂಗಳಿಗೊಮ್ಮೆ "ಈ ತಿಂಗಳು ಆಕಾಶ ಇಲ್ಲ" ಎಂದು ಬರೆದು ಕಳಿಸಿದರೆ ಸಾಕು.

6. ಗಾಜಿಗೆ ಒಳಗೂ ಹೊರಗೂ ಕೂಡಲೇ ಸುಣ್ಣ ಬಳಿಯತಕ್ಕದ್ದು.

7. ಕಲಂ 6ರ "ಕೂಡಲೇ" ಎಂಬುದು ತಡವಾದ ಬಗ್ಗೆ ಸಮಜಾಯಿಷಿ: ಈ ಸುತ್ತೋಲೆಯ ಕರಡು ಬರೆಯುವ ಕೆಲಸ ಹಿರಿಯ ಗುಮಾಸ್ತ ಗುರುಲಿಂಗಪ್ಪನಿಗೆ ಬಂದಿತ್ತು. ಸದರಿಯವನ ತಾಯಿ ಗುಡ್ಡವ್ವ ಕುಲಗೋಡದಲ್ಲಿ ಇರುತ್ತಾಳೆ. ಆಕೆಯ ಗಂಡ ಒಮ್ಮೆ ಫೋಟೋಕ್ಕೆ ನಿಂತಿದ್ದ, ಮುಂದಿನ ಸುಗ್ಗಿ ಕಾಣಲಿಲ್ಲ. ಅಂದಿನಿಂದ ಆಕೆ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ದಾರಿ ಬದಲಿಸುವವಳು. ಗುರುಲಿಂಗಪ್ಪನ ಹತ್ತಿರ ಅಪ್ಪನ ಫೋಟೋ ಇದೆ, ಅವ್ವನದು ಇಲ್ಲ. ಆಕೆ ಹೋದ ಮೇಲೆ ಆ ಮುಖ ತನಗೆ ಮರೆತುಹೋದೀತು ಎಂಬ ಹೆದರಿಕೆ ಅವನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಗಾಜಿನ ಉಪಾಯ ಕೇಳಿ ಆಕೆ ಮೊದಲ ಸಲ ಹೂಂ ಅಂದಿದ್ದಳು. ಆದರೆ ಗಬ್ಬದ ಎಮ್ಮೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. "ಎಮ್ಮಿ ಈದ ಮ್ಯಾಲ ಬರ್ತೇನಿ, ಗಾಜು ಎಲ್ಲಿಗೆ ಓಡಿ ಹೊಕ್ಕೈತಿ?" ಅಂದಳು.

ಗಾಜು ಓಡಿಹೋಗದಿದ್ದರೂ ಸುಣ್ಣ ಬರುವುದಿತ್ತು. ಆದ್ದರಿಂದ ಸುಣ್ಣಕ್ಕೆ ದರಪಟ್ಟಿ ಕರೆಯಲಾಯಿತು. ಸುಣ್ಣದ ಮಾದರಿಯನ್ನು ಬೆಳಗಾವಿಗೆ ಪರೀಕ್ಷೆಗೆ ಕಳಿಸಲಾಯಿತು. ಸುಣ್ಣ ಸುಣ್ಣವೇ ಎಂದು ಉತ್ತರ ಬಂದಾಗ, ಅದರಲ್ಲಿ ಮೊಹರು ಸರಿಯಾಗಿ ಮೂಡಿಲ್ಲವೆಂದು ಹಿಂತಿರುಗಿಸಲಾಯಿತು. ಸಾಹೇಬರು ದಿನಾ ಬೆಳಿಗ್ಗೆ ಕೂಗುತ್ತಿದ್ದರು, ಗುರುಲಿಂಗಪ್ಪ ದಿನಾ ಸಂಜೆ ಕುಲಗೋಡದ ಬಸ್ಸಿನ ಕಂಡಕ್ಟರನಿಗೆ ಎಮ್ಮೆಯ ಸುದ್ದಿ ಕೇಳುತ್ತಿದ್ದ.

8. ಎಮ್ಮೆ ಈದಿತು. ಗುಡ್ಡವ್ವ ಚಂದ್ರಕಾಳಿ ಸೀರೆ ಉಟ್ಟು, ಸಾಹೇಬರಿಗೆಂದು ಡಬ್ಬಿಯಲ್ಲಿ ಗಿಣ್ಣ ಹಿಡಿದು ಬಸ್ಸಿನಿಂದ ಇಳಿದಳು. ಗಿಣ್ಣವನ್ನು ಲಂಚವೆಂದು ಪರಿಗಣಿಸಬೇಕೇ ಎಂಬ ಪ್ರಶ್ನೆ ಏಳುವ ಮೊದಲೇ ಸಾಹೇಬರು ಅದನ್ನು ಮುಗಿಸಿದ್ದರು. ಆಕೆ ಕ್ಯಾಮೆರಾಕ್ಕೆ ಬೆನ್ನು ಮಾಡಿ ಗಾಜಿಗೆ ಮುಖ ಮಾಡಿ ಕುಳಿತಳು. ಬಿಳಿ ಮೋಡ ಇತ್ತು. ಗುರುಲಿಂಗಪ್ಪ ಕಲಂ 3ರ ಪ್ರಕಾರ ಒಳಗೆ ತನ್ನ ಕುರ್ಚಿ ಬಿಟ್ಟು ಏಳದೆ, ಹೊರಗೆ ನೋಡುತ್ತ ಕುಳಿತಿದ್ದ.

ಮುಂದಿನ ಸಂತೆಗೆ ಆಕೆ ಮತ್ತೆ ಬಂದಾಗ ದಸ್ತಗೀರ ಫೋಟೋ ಕೊಟ್ಟ. ಗುಡ್ಡವ್ವನ ಮುಖ, ಹಿಂದೆ ಮೋಡ, ಎಲ್ಲ ಚೊಕ್ಕ ಬಂದಿತ್ತು. ಕಪ್ಪು ಸೀರೆ ಬಿದ್ದ ಕಡೆ ಮಾತ್ರ ಕಚೇರಿಯ ಒಳಗಿನದು ಕಂಡಿತ್ತು. ಆಕೆಯ ಉಡಿಯಲ್ಲಿ, ಕೂಸಿನಷ್ಟು ಸಣ್ಣವನಾಗಿ, ಕಿವಿಗೆ ಲೇಖನಿ ಸಿಕ್ಕಿಸಿಕೊಂಡು ಗುರುಲಿಂಗಪ್ಪ ಕುಳಿತಿದ್ದ.

ಸಿಬ್ಬಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಡ್ಡವ್ವ ನಗಲಿಲ್ಲ. ಆಕೆ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಕ್ಯಾಮೆರಾ ನನ್ನ ಗಾಜಿನಾಗ ನೋಡೇತಿ. ಇವನ್ನ ಖರೇನ ನೋಡೇತಿ." ಇದರಿಂದ ಏನೂ ಆಗುವುದಿಲ್ಲವೆಂದು ಗುರುಲಿಂಗಪ್ಪ ಹೇಳಿದ, ಸಾಹೇಬರೂ ಸ್ವತಃ ಬಂದು ಹೇಳಿದರು. "ಇವನಪ್ಪಗೂ ಹಂಗ ಹೇಳಿದ್ರು" ಎಂದಷ್ಟೇ ಆಕೆ ಉತ್ತರ ಕೊಟ್ಟಳು.

ನಂತರ ಆಕೆ ಅಂಗಳಕ್ಕೆ ನಡೆದು, ಸ್ಟೂಲನ್ನು ತಾನೇ ತಿರುಗಿಸಿ, ಗಾಜಿಗೆ ಬೆನ್ನು ಮಾಡಿ ಕ್ಯಾಮೆರಾಕ್ಕೆ ನೇರ ಮುಖ ಕೊಟ್ಟು ಕುಳಿತಳು. ಸೆರಗನ್ನೂ ಹಿಂದಕ್ಕೆ ಸರಿಸಿದಳು. "ದಸ್ತಗೀರಾ, ತಗಿಯಪ್ಪಾ. ಮಗನ ಆಯುಷ್ಯ ಏನರ ಹೋಗಿದ್ರ ನನ್ನದರಾಗ ವಜಾ ಮಾಡಕೊಳ್ಳಲಿ."

ಗುರುಲಿಂಗಪ್ಪ ಕಲಂ 3ನ್ನು ಉಲ್ಲಂಘಿಸಿ ಹೊರಗೆ ಓಡಿಬಂದು ಅವ್ವನ ಬಾಜೂಕ್ಕೆ ನಿಲ್ಲಲು ಹೋದ. ಆಕೆ ಅವನನ್ನು ಕೈಯಿಂದ ದೂರ ಸರಿಸಿದಳು. ಕ್ಯಾಮೆರಾದ ಬಾಯಿ ತೆರೆದು ಮುಚ್ಚುವವರೆಗೆ ಕಣ್ಣು ಮಿಟುಕಿಸಲಿಲ್ಲ. ಆ ಹೊತ್ತಿನಲ್ಲಿ ಗಾಜಿನಲ್ಲಿ ಆಕಾಶ ಇತ್ತೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಆದ್ದರಿಂದ ಆ ದಿನದ ಆಕಾಶದ ವರದಿ ಸಲ್ಲಿಸಲು ಸಾಧ್ಯವಾಗಿಲ್ಲ.

9. ಸಾಹೇಬರು ಕಡತದ ಅಂಚಿನಲ್ಲಿ "ಸುಣ್ಣ ಬೇಡ. ವಜಾ ಮಾಡುವುದಿದ್ದರೆ ಕಟ್ಟಡದ ಆಯುಷ್ಯದಲ್ಲಿ ಮಾಡತಕ್ಕದ್ದು" ಎಂದು ಸ್ವಹಸ್ತದಿಂದ ಬರೆದಿರುತ್ತಾರೆ. ಅದರಂತೆ ಕಲಂ 6ನ್ನು ರದ್ದುಪಡಿಸಲಾಗಿದೆ. ಸುಣ್ಣದ ಗಡಿಗೆಗಳನ್ನು ಹುಕ್ಕೇರಿಗೆ ಕಳಿಸಲಾಗಿದ್ದು, ಅವರು ತಮ್ಮ ಕಿಟಕಿಗಳಿಗೆ ಬಳಿದುಕೊಳ್ಳಬಹುದು.

10. ಗುಡ್ಡವ್ವನ ಎರಡನೆಯ ಫೋಟೋವನ್ನು ಮಗನಿಗೆ ಕೊಡಲಾಗಿದೆ. ಮೊದಲನೆಯದನ್ನು ಕಡತಕ್ಕೆ ಲಗತ್ತಿಸಬೇಕಾಗಿತ್ತು, ಆದರೆ ಕಡತದಲ್ಲಿ ಅದು ಇರುವುದಿಲ್ಲ. ಎಲ್ಲಿದೆ ಎಂದು ಯಾರೂ ಹಿರಿಯ ಗುಮಾಸ್ತನನ್ನು ಕೇಳತಕ್ಕದ್ದಲ್ಲ.

(ಸಹಿ, ಪೂರ್ತಿ ಓದಿದ ಮೇಲೆ)
ಶಾಖಾಧಿಕಾರಿ, ಗೋಕಾಕ
ಕರಡು: ಗುರುಲಿಂಗಪ್ಪ, ಹಿರಿಯ ಗುಮಾಸ್ತ

ಪ್ರತಿಗಳು:
ಎಂಜಿನಿಯರರು, ಪುಣೆ: ಕೊಡೆಗಳ ಖರ್ಚಿನ ಪಟ್ಟಿಯೊಂದಿಗೆ.
ಉಪಕಚೇರಿ, ಮೂಡಲಗಿ: ಸೀಳಿನ ಪಕ್ಕದಲ್ಲಿ ಅಂಟಿಸಲು.
ಉಪಕಚೇರಿ, ಹುಕ್ಕೇರಿ: ಮಾಹಿತಿಗಾಗಿ. ಕೆಲಸ ಏನೂ ಇಲ್ಲ.
ಫೋಟೋಗ್ರಾಫರ ದಸ್ತಗೀರ: ಇನ್ನು ಮುಂದೆ ಸೀರೆಯ ಬಣ್ಣ ಮೊದಲು ನೋಡಲು.
ಕಾಡವ್ವ, ಘೋಡಗೇರಿ: ಸಾಹೇಬರನ್ನು ಜಗಲಿಯಿಂದ ಇಳಿಸಲು. ಇಳಿಸುವ ಮನಸ್ಸಾಗದಿದ್ದರೆ ಹೂವಾದರೂ ದಿನಾ ಬದಲಿಸಲು.
ಗುಡ್ಡವ್ವ, ಕುಲಗೋಡ: ಓದಿ ಹೇಳಲು. ಓದುವವರು ಮಗನ ಆಯುಷ್ಯ ಪೂರ್ತಿ ಇದೆ ಎಂಬುದನ್ನು ಮೊದಲು ಹೇಳತಕ್ಕದ್ದು, ಉಳಿದದ್ದನ್ನು ಆಮೇಲೆ.